ಸಾಲಿನಲ್ಲಿ ನಾಲ್ಕನೆಯವನು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ದೂರು ಕೊಡಲು ಬಂದವನು ಠಾಣೆಯ ಬಾಗಿಲಲ್ಲೇ ನಿಂತ. ಚೌಕಟ್ಟಿನ ಮೇಲಿದ್ದ ಕ್ಯಾಮೆರಾವನ್ನು ಬೆರಳಿನಿಂದ ಒರೆಸಿ, ಬೆರಳು ನೋಡಿಕೊಂಡು, ಆಮೇಲೆ ಒಳಗೆ ಬಂದ. ನಗರದ ಕಂಬಕಂಬಕ್ಕೂ ಮುಖ ಗುರುತಿಸುವ ಕ್ಯಾಮೆರಾ ಕೂರಿಸಿದ ಕಂಪನಿಯ ಸೂಪರ್‌ವೈಸರ್ ಅವನು. ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ನಿದ್ದೆಗೆಟ್ಟ ಕಳೆ.

"ಐದು ಕ್ಯಾಮೆರಾ ಹೋಗಿವೆ ಸಾರ್."

"ಕದ್ದಿದಾರಾ?" ಇನ್‌ಸ್ಪೆಕ್ಟರ್ ಕೇಳಿದ.

"ಇಲ್ಲ."

"ಒಡೆದಿದಾರಾ?"

"ಅದೂ ಇಲ್ಲ. ಇದ್ದ ಜಾಗದಲ್ಲೇ ಇವೆ, ಓಡ್ತಾನೂ ಇವೆ. ಗಾಡಿ ಕಾಣುತ್ತೆ, ನಾಯಿ ಕಾಣುತ್ತೆ, ಮನುಷ್ಯ ಕಾಣ್ತಾನೆ. ಮುಖ ಮಾತ್ರ ಕಾಣಲ್ಲ."

"ಯಾವಾಗಿಂದ?"

"ಒಂದು ವಾರ ಆಗಿರ್ಬೇಕು. ಸಿಸ್ಟಮ್‌ನಲ್ಲಿ ಹಸಿರು ದೀಪ ಉರೀತಿತ್ತು. ನಾವು ದೀಪ ನೋಡ್ಕೊಂಡು ಕೂತ್ವಿ, ಚಿತ್ರ ನೋಡಲಿಲ್ಲ."

ಅಷ್ಟರಲ್ಲಿ ಬಾಗಿಲ ಬಳಿಯ ಯಂತ್ರ ಕಿರ್ರೆಂದು ಕೂಗಿತು. ಒಳಗೆ ಕಾಲಿಟ್ಟವರು ಹೆಡ್ ಕಾನ್ಸ್‌ಟೇಬಲ್. ಇಡೀ ಠಾಣೆಗೆ ಅವರು ದೊಡ್ಡಪ್ಪ. ನಿವೃತ್ತಿಗೆ ಒಂದು ವರ್ಷ ಬಾಕಿ, ಮೀಸೆ ಪೂರ್ತಿ ಬೆಳ್ಳಗಾಗಿದೆ. ಗೋಡೆಯ ಪರದೆಯ ಮೇಲೆ ಅವರ ಮುಖದ ಸುತ್ತ ಕೆಂಪು ಚೌಕ ಮೂಡಿತು: 'ಮನೆಗಳ್ಳ. ಹೋಲಿಕೆ ಶೇಕಡಾ ಎಪ್ಪತ್ತೊಂದು.' ಅದರ ಕೆಳಗೆ ಸಣ್ಣಕ್ಷರದಲ್ಲಿ 'ಪೊಲೀಸ್ ಸಿಬ್ಬಂದಿ, ಬಿಡಿ' ಎಂದಿತ್ತು.

"ಬಂದ್ರಪ್ಪಾ ಕಳ್ಳರು!" ಎಂದಳು ಮೂಲೆಯಲ್ಲಿ ಕೂತಿದ್ದ ಮಹಿಳಾ ಪೇದೆ.

"ನಗಿ ನಗಿ. ನನ್ನ ಮುಖದಲ್ಲಿ ಕಳೆ ಇದೆ ಅಂತ ಯಂತ್ರಕ್ಕಾದ್ರೂ ಗೊತ್ತಾಯ್ತಲ್ಲ," ಎಂದು ದೊಡ್ಡಪ್ಪ ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಈ ತಮಾಷೆ ನಾಲ್ಕು ತಿಂಗಳಿಂದ ದಿನಾ ನಡೆಯುತ್ತಿತ್ತು. ಯಂತ್ರಕ್ಕೆ ದೊಡ್ಡಪ್ಪ ಯಾಕೆ ಕಳ್ಳನಂತೆ ಕಾಣುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ನಗಲು ಸಿಕ್ಕಿದ ವಿಷಯವನ್ನು ಕೆದಕಿ ಹಾಳು ಮಾಡುವವರು ಯಾರು?

ಸಾರ್ವಜನಿಕ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಶಾಯಿ ಆರುವ ಮೊದಲೇ ಡಿಸಿಪಿಯ ಫೋನ್ ಬಂತು. "ಶುಕ್ರವಾರ ಎರಡನೇ ಹಂತದ ಉದ್ಘಾಟನೆ ಇದೆ. ಮಂತ್ರಿಗಳು ಬರ್ತಾರೆ. ಅಷ್ಟರೊಳಗೆ ಇದನ್ನ ಮಾಡಿದವನು ಒಳಗಿರ್ಬೇಕು. ಜನ ಮೊದಲೇ ಕ್ಯಾಮೆರಾ ಬೇಡ ಅಂತ ಬೊಬ್ಬೆ ಹಾಕ್ತಿದಾರೆ. ಇದು ಹೊರಗೆ ಬಂದ್ರೆ ನಮ್ಮ ಮುಖಕ್ಕೆ ಮಸಿ."

ಇನ್‌ಸ್ಪೆಕ್ಟರ್‌ಗೆ ಕ್ಯಾಮೆರಾಗಳ ಮೇಲೆ ದ್ವೇಷವೇನೂ ಇರಲಿಲ್ಲ. ಮೊದಲ ತಿಂಗಳಲ್ಲಿ ಮನೆ ಮರೆತು ಅಲೆಯುತ್ತಿದ್ದ ಒಬ್ಬ ಅಜ್ಜಿಯನ್ನು ಅವು ಹುಡುಕಿಕೊಟ್ಟಿದ್ದವು. ಆ ಅಜ್ಜಿಯ ಮಗ ಅತ್ತದ್ದನ್ನು ಅವನು ಕಣ್ಣಾರೆ ನೋಡಿದ್ದ. ಒಳ್ಳೆಯ ಕೆಲಸಕ್ಕೆ ಬಂದ ವಸ್ತು ಎಂದೇ ನಂಬಿದ್ದ.

ಹನ್ನೊಂದೂವರೆಗೆ ಮೊದಲ ಕಂಬದ ಕೆಳಗೆ ಪಂಚನಾಮೆ ಶುರುವಾಯಿತು. ಏಣಿ ಹತ್ತಿದ ಮಹಿಳಾ ಪೇದೆ ಕ್ಯಾಮೆರಾದ ಗಾಜಿನ ಗುಮ್ಮಟವನ್ನು ಸವರಿ ನೋಡಿದಳು.

"ಬಣ್ಣ ಅಲ್ಲ ಸಾರ್. ಗೀರೂ ಅಲ್ಲ. ಬಚ್ಚಲುಮನೆ ಕಿಟಕಿ ಗಾಜು ಇರುತ್ತಲ್ಲ, ಹಾಗೆ ಮಂಜು ಮಂಜಾಗಿದೆ. ಉಜ್ಜಿದ್ರೂ ಹೋಗಲ್ಲ."

"ಗಾಜಿನ ಕೆಲಸದವರು ಹಚ್ಚೋ ಆಸಿಡ್ ಲೇಪ," ಎಂದ ಕೆಳಗಿಂದ ಸೂಪರ್‌ವೈಸರ್. "ಎಷ್ಟು ಸಮ ಹಚ್ಚಿದಾನೆ ನೋಡಿ. ಒಂದು ತೊಟ್ಟು ಸೋರಿಲ್ಲ." ಅವನ ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಜಾಸ್ತಿ ಇತ್ತು. ಇನ್‌ಸ್ಪೆಕ್ಟರ್ ಅವನನ್ನು ದುರುಗುಟ್ಟಿ ನೋಡಿದ.

ಕಂಬದ ಬುಡದಲ್ಲಿ ಹಣ್ಣಿನ ಗಾಡಿ ಇಟ್ಟುಕೊಂಡ ಹೆಂಗಸಿದ್ದಳು. ಸೊಂಟಕ್ಕೆ ಕೈಯಿಟ್ಟು ಎಲ್ಲ ನೋಡುತ್ತಿದ್ದಳು.

"ಇಲ್ಲಿ ಯಾರಾದರೂ ಏಣಿ ಹಾಕಿದ್ರಾ?"

"ಹಾಕಿದ್ರು. ನಾನೇ ಏಣಿ ಹಿಡ್ಕೊಂಡಿದ್ದೆ."

"ಏನು?"

"ಹಗಲು ಹೊತ್ತು, ಕಿತ್ತಳೆ ಅಂಗಿ ಹಾಕ್ಕೊಂಡು ಬಂದಿದ್ದ. ಕ್ಯಾಮೆರಾ ಒರೆಸ್ಬೇಕು, ಏಣಿ ಸ್ವಲ್ಪ ಹಿಡ್ಕೋ ಅಕ್ಕಾ ಅಂದ. ಹಿಡ್ಕೊಂಡೆ. ಸರ್ಕಾರದ ಕೆಲಸ ಅಲ್ವಾ?"

"ಮುಖ ಹೇಗಿತ್ತು?"

"ಕಾಲು ನೋಡಿದೆ. ಹಿಮ್ಮಡಿ ಒಡೆದಿತ್ತು ಪಾಪ. ಮುಖ ನೋಡಲಿಲ್ಲ." ಹೆಂಗಸು ಹಣ್ಣಿನ ಮೇಲಿನ ನೊಣ ಓಡಿಸಿದಳು. "ಮುಖ ನೋಡೋಕೆ ನಿಮ್ಮ ಹತ್ರ ಕ್ಯಾಮೆರಾ ಇದೆಯಲ್ಲ ಸ್ವಾಮಿ, ನಮ್ಮನ್ನ ಯಾಕೆ ಕೇಳ್ತೀರಿ?"

ಸುತ್ತ ಸೇರಿದ್ದ ಜನ ಗೊಳ್ಳೆಂದು ನಕ್ಕರು. ಯಾರೋ ಹಿಂದಿನಿಂದ ಚಪ್ಪಾಳೆಯನ್ನೂ ತಟ್ಟಿದರು. ಉಳಿದ ನಾಲ್ಕು ಕಂಬಗಳ ಬಳಿಯೂ ಇದೇ ಕತೆ. ಚಪ್ಪಲಿ ಹೊಲಿಯುವವನು ನೋಡಿಲ್ಲ, ಪತ್ರಿಕೆ ಮಾರುವವನು ನೋಡಿಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಕಿಟಕಿಯಲ್ಲೇ ಕೂರುವ ದರ್ಜಿಯಂತೂ ಆ ದಿನ ಕಣ್ಣು ನೋವು ಅಂದ. ಇಡೀ ಬೀದಿ ಬಾಯಿಗೆ ಬೀಗ ಹಾಕಿಕೊಂಡಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಇಂಥ ಒಗ್ಗಟ್ಟು ನೋಡಿರಲಿಲ್ಲ. ಅವನಿಗೆ ಒಳಗೊಳಗೇ ನೋವಾಯಿತು.

ಮಧ್ಯಾಹ್ನ ಠಾಣೆಯಲ್ಲಿ ಮಹಿಳಾ ಪೇದೆ ನಕ್ಷೆ ಹರಡಿ, ಕುರುಡಾದ ಐದು ಕ್ಯಾಮೆರಾಗಳಿಗೆ ಗುರುತು ಹಾಕಿದಳು.

"ಬ್ಯಾಂಕಿನ ಮುಂದಿನದು ಮುಟ್ಟಿಲ್ಲ ಸಾರ್. ಒಡವೆ ಅಂಗಡಿ ಮುಂದಿನದೂ ಮುಟ್ಟಿಲ್ಲ. ಕಳ್ಳ ಆಗಿದ್ರೆ ಮೊದಲು ಅವನ್ನೇ ಹಿಡೀಬೇಕಿತ್ತು."

"ಈ ಐದನ್ನ ಸೇರಿಸಿ ಗೆರೆ ಎಳಿ."

ಎಳೆದಳು. ವರ್ಕ್‌ಶಾಪ್‌ಗಳ ಓಣಿಯಿಂದ ಹೊರಟ ಗೆರೆ ಮುಖ್ಯರಸ್ತೆ ದಾಟಿ, ಉದ್ಯಾನದ ಬದಿಯಿಂದ ಹಾದು, ಹೆಣ್ಣುಮಕ್ಕಳ ಶಾಲೆಯ ಗೇಟಿನ ಎದುರು ನಿಂತಿತು. ಇನ್‌ಸ್ಪೆಕ್ಟರ್ ಎದ್ದು ಹೋಗಿ ಆ ದಾರಿಯನ್ನು ನಡೆದೇ ನೋಡಿದ. ಆರಾಮವಾಗಿ ನಡೆದರೆ ಇಪ್ಪತ್ತು ನಿಮಿಷ. ಕದಿಯಲು ಏನೂ ಇಲ್ಲ, ಅಡಗಲು ಜಾಗವಿಲ್ಲ. ಯಾರಿಗೋ ಈ ದಾರಿಯಲ್ಲಿ ಸುಮ್ಮನೆ ನಡೆದು ಹೋಗಬೇಕಿತ್ತು, ಅಷ್ಟೇ. ಆ ಯೋಚನೆ ಬಂದಾಗ ಅವನಿಗೆ ಯಾಕೋ ಕೇಸು ಹಗುರಾಗಲಿಲ್ಲ, ಭಾರವಾಯಿತು.

ಮಂಗಳವಾರ ಇನ್‌ಸ್ಪೆಕ್ಟರ್ ನಿಯಂತ್ರಣ ಕೊಠಡಿಗೆ ಹೋದ. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ಪರದೆಗಳು, ಸ್ವೆಟರ್ ಹಾಕಿಕೊಂಡು ಕೂತ ಆಪರೇಟರ್. ಕುರುಡಾಗುವ ಮೊದಲು ಕ್ಯಾಮೆರಾ ಕಂಡ ಕೊನೆಯ ದೃಶ್ಯ ಹಾಕಿದ. ಏಣಿ ಹತ್ತಿ ಬಂದ ಒಂದು ಮುಖ ಪರದೆ ತುಂಬ ನಿಂತಿತು. ಐವತ್ತರ ಆಸುಪಾಸು, ಕುರುಚಲು ಗಡ್ಡ. ಮುಖ ಮುಚ್ಚಿಕೊಂಡಿರಲಿಲ್ಲ. ನೇರ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ನೋಡಿ, ಕುಂಚ ಎತ್ತಿದ.

"ಹೋಲಿಕೆ ಶೇಕಡಾ ತೊಂಬತ್ತಾರು," ಎಂದ ಆಪರೇಟರ್. "ಗೂಬೆ."

"ಯಾರು?"

"ಗೂಬೆ ಅಂತ ಮನೆಗಳ್ಳ ಸಾರ್. ದಿನಾ ಬೆಳಿಗ್ಗೆ ಈ ದಾರಿಯಲ್ಲಿ ಬರ್ತಿದ್ದ. ದಿನಾ ಅಲರ್ಟ್ ಬರ್ತಿತ್ತು. ಗಸ್ತು ಗಾಡಿ ಕಳಿಸ್ತಿದ್ವಿ, ನಿಲ್ಲಿಸಿ ವಿಚಾರಿಸ್ತಿದ್ರು, ಗುರುತಿನ ಚೀಟಿ ನೋಡಿ ಬಿಡ್ತಿದ್ರು."

"ಬಿಟ್ಟಿದ್ಯಾಕೆ?"

"ಚೀಟಿಯಲ್ಲಿ ಬೇರೆ ಹೆಸರಿತ್ತಂತೆ."

"ಹಾಗಾದ್ರೆ ಮಾರನೇ ದಿನ ಮತ್ತೆ ಯಾಕೆ ನಿಲ್ಲಿಸಿದ್ರಿ?"

"ಮತ್ತೆ ಅಲರ್ಟ್ ಬಂತಲ್ಲ ಸಾರ್." ಆಪರೇಟರ್‌ಗೆ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ. "ಅಲರ್ಟ್ ಬಂದ್ರೆ ಗಾಡಿ ಕಳಿಸ್ಬೇಕು, ಗಾಡಿ ಹೋದ್ರೆ ಅಲರ್ಟ್ ಕ್ಲೋಸ್ ಮಾಡ್ಬೇಕು. ಒಂದು ವಾರದಿಂದ ಕಾಣ್ತಿರಲಿಲ್ಲ. ಊರು ಬಿಟ್ಟ ಅಂದ್ಕೊಂಡ್ವಿ."

ಇನ್‌ಸ್ಪೆಕ್ಟರ್ ಜೈಲಿಗೆ ಫೋನ್ ಮಾಡಿದ. ಗೂಬೆ ಎರಡು ವರ್ಷದಿಂದ ಅಲ್ಲೇ ಇದ್ದ, ಆ ಹೊತ್ತಿಗೆ ಊಟ ಮಾಡುತ್ತಿದ್ದ. ವಿಷಯ ಡಿಸಿಪಿಗೆ ಮುಟ್ಟಿತು.

"ತೊಂಬತ್ತಾರು ಅಂದ್ರೆ ತೊಂಬತ್ತಾರು. ಗೂಬೇನೇ ಹಿಡೀರಿ."

"ಅವನು ನಮ್ಮ ಹತ್ರಾನೇ ಇದಾನೆ ಸಾರ್. ಎರಡು ವರ್ಷದಿಂದ."

"ಹಾಗಾದ್ರೆ ಇನ್ನೊಬ್ಬನ್ನ ಹಿಡೀರಿ. ಯಂತ್ರ ತಪ್ಪು ಅನ್ನೋ ಮಾತು ಮಾತ್ರ ಶುಕ್ರವಾರದ ತನಕ ಯಾರ ಬಾಯಲ್ಲೂ ಬರಕೂಡದು."

ಇನ್‌ಸ್ಪೆಕ್ಟರ್ ಗೂಬೆಯ ಹೆಸರಿನ ಕಡತವನ್ನು ಪರದೆ ಮೇಲೆ ತೆರೆಸಿದ. ಒಬ್ಬ ಗೂಬೆಗೆ ಅಲ್ಲಿ ಏಳು ಮುಖಗಳಿದ್ದವು. ನಾಲ್ಕನೆಯದು ಏಣಿಯವನದು, ಈಗಿನದಕ್ಕಿಂತ ಹತ್ತು ವರ್ಷ ಚಿಕ್ಕ ಮುಖ. ಹಿಂದೆ ಹಳದಿ ಗೋಡೆ, ಅಡ್ಡಕ್ಕೆ ಒಂದು ಕಪ್ಪು ಪಟ್ಟಿ, ಮೂಲೆಯಲ್ಲಿ ನಲ್ಲಿಯ ತುದಿ. ಆ ನಲ್ಲಿಯಲ್ಲಿ ಇನ್‌ಸ್ಪೆಕ್ಟರ್ ದಿನಾ ಕೈ ತೊಳೆಯುತ್ತಿದ್ದ. ಅದು ಅವನದೇ ಠಾಣೆಯ ಹಿತ್ತಲು.

ಆರನೆಯ ಮುಖಕ್ಕೆ ಕಪ್ಪು ಮೀಸೆ ಇತ್ತು. ಮೀಸೆ ಬೆಳ್ಳಗಿದ್ದಿದ್ದರೆ ನೋಡಿದ ಕೂಡಲೇ ಗುರುತು ಸಿಗುತ್ತಿತ್ತು.

ಏಳೂ ಮುಖಗಳ ಫೋಟೋ ಅಚ್ಚು ಹಾಕಿಸಿಕೊಂಡು, ಠಾಣೆಗೆ ಬಂದು ಮೇಜಿನ ಮೇಲಿಟ್ಟ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು. ಅವರ ಮುಖದ ನಗು ಮೆಲ್ಲಗೆ ಇಳಿಯಿತು.

"ಇದು ಗುರುತಿನ ಪರೇಡು ಸಾರ್."

"ಬಿಡಿಸಿ ಹೇಳಿ."

"ಆಗೆಲ್ಲ ಪರೇಡು ನಮ್ಮ ಹಿತ್ತಲಲ್ಲೇ ನಡೀತಿತ್ತು. ಆರೋಪಿ ಒಬ್ಬನ್ನೇ ನಿಲ್ಲಿಸಿ ಇವನೇನಾ ಅಂತ ಕೇಳೋ ಹಾಗಿಲ್ಲ. ಅವನ ಥರಾನೇ ಎತ್ತರ, ಮೈಕಟ್ಟು ಇರೋರನ್ನ ಜತೆಗೆ ನಿಲ್ಲಿಸ್ಬೇಕು. ಸಾಕ್ಷಿ ಬಂದು ಸಾಲಲ್ಲಿ ಒಬ್ಬನ್ನ ಮುಟ್ಟಿ ತೋರಿಸ್ಬೇಕು. ಜತೆಗೆ ನಿಲ್ಲೋರನ್ನ ಹುಡುಕ್ಕೊಂಡು ಬರೋದು ನನ್ನ ಕೆಲಸ. ಓಣಿ ಓಣಿ ಸುತ್ತಿ, ಕೈಕಾಲು ಹಿಡಿದು ಕರ್ಕೊಂಡು ಬರ್ತಿದ್ದೆ. ಐದು ನಿಮಿಷದ ಕೆಲಸ ಕಣಪ್ಪಾ, ಸುಮ್ಮನೆ ನಿಂತ್ರೆ ಸಾಕು ಅಂತ." ಅವರು ಬೆರಳಿಟ್ಟು ತೋರಿಸಿದರು. "ಗೂಬೆ ಎರಡನೆಯವನು. ಇವನು ನಾಲ್ಕನೆಯವನು, ಓಣಿಯಲ್ಲಿ ಗಾಜಿಗೆ ಚಿತ್ತಾರ ಕೊರೀತಾನೆ. ಆವತ್ತು ಒಬ್ಬ ಕಡಿಮೆ ಬಿದ್ದ, ಖಾಕಿ ಡ್ರೆಸ್ ಬಿಚ್ಚಿಟ್ಟು ನಾನೇ ನಿಂತೆ. ಆರನೆಯವನು ನಾನು."

ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕ್ಯಾಮೆರಾ ಬಂದಾಗ ಹಳೆಯ ಕಡತಗಳ ಫೋಟೋಗಳನ್ನೆಲ್ಲ ಯಂತ್ರಕ್ಕೆ ತುಂಬಲು ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆಯವರಿಗೆ ಪರೇಡು ಎಂದರೇನು ಗೊತ್ತು? ಗೂಬೆಯ ಕಡತದಲ್ಲಿ ಏಳು ಜನ ನಿಂತ ಫೋಟೋ ಇತ್ತು. ಏಳೂ ಮುಖ ಕತ್ತರಿಸಿ ಗೂಬೆ ಎಂದು ಸೇರಿಸಿದ್ದರು. ಪೊಲೀಸರಿಗೆ ಉಪಕಾರ ಮಾಡಲು ಬಂದು ನಿಂತವರೆಲ್ಲ ರಾತ್ರೋರಾತ್ರಿ ಕಳ್ಳರಾದರು. ದೊಡ್ಡಪ್ಪನ ಪಾಲಿಗೆ ಅದು ತಮಾಷೆಯಾಯಿತು, ಯಾಕೆಂದರೆ ಅವರ ಮೈಮೇಲೆ ಖಾಕಿ ಇತ್ತು.

"ಟೀ ಕುಡಿಸಿ ಕಳಿಸಿದ್ದೆ ಸಾರ್ ಅವನನ್ನ," ಎಂದರು ದೊಡ್ಡಪ್ಪ. ಆಮೇಲೆ ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಇನ್‌ಸ್ಪೆಕ್ಟರ್ ಮುಖ್ಯ ಕಚೇರಿಗೆ ಫೋನ್ ಹಚ್ಚಿದ. ಮೂರು ಮೇಜು ದಾಟಿ ಕೊನೆಗೆ ಒಬ್ಬ ಅಧಿಕಾರಿ ಸಿಕ್ಕಿದ. ತಪ್ಪು ಮುಖ ಸೇರಿದೆ, ತೆಗೆಯಬೇಕು ಎಂದು ಅವನಿಗೆ ಹೇಳಿದ.

"ತೆಗೆಯೋ ಸೌಲಭ್ಯ ಮೊದಲ ಹಂತದಲ್ಲಿ ಇಲ್ಲ."

"ಎರಡನೇ ಹಂತದಲ್ಲಿ?"

"ಇನ್ನೂ ಕ್ಯಾಮೆರಾ ಬರ್ತವೆ. ತೆಗೆಯೋದು ಮೂರನೇದರಲ್ಲಿ. ಅದಕ್ಕೆ ಇನ್ನೂ ಮಂಜೂರಾತಿ ಆಗಿಲ್ಲ."

ಬುಧವಾರ ಬೆಳಿಗ್ಗೆ ದೊಡ್ಡಪ್ಪ, ಮಹಿಳಾ ಪೇದೆಯೂ ಸೇರಿ ಮೂವರೂ ಗಾಜಿನವನ ಅಂಗಡಿಗೆ ಹೋದರು. ಉದ್ದನೆಯ ಕೋಣೆ, ಗೋಡೆಗೊರಗಿಸಿಟ್ಟ ಗಾಜುಗಳು, ಆಸಿಡ್ಡಿನ ಘಾಟು. ಅವನು ಬಾಗಿಲ ಗಾಜೊಂದರ ಮೇಲೆ ಬಳ್ಳಿ ಕೊರೆಯುತ್ತಿದ್ದ. ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಎಲೆಯೊಂದನ್ನು ಮುಗಿಸಿ, ಕೈಗವಸು ಬಿಚ್ಚಿದ. ಮೂಲೆಯ ಮೊಳೆಗೆ ಕಿತ್ತಳೆ ಅಂಗಿ ನೇತಾಡುತ್ತಿತ್ತು. ಬಚ್ಚಿಡುವ ಗೋಜಿಗೂ ಹೋಗಿರಲಿಲ್ಲ.

"ಬರ್ತೀರಿ ಅಂತ ಗೊತ್ತಿತ್ತು," ಎಂದ. "ಇಷ್ಟು ತಡ ಆಗುತ್ತೆ ಅಂತ ಗೊತ್ತಿರಲಿಲ್ಲ."

"ಐದೂ ನೀನೇನಾ?"

"ನಾನೇ."

"ಜತೆಗೆ ಯಾರು?"

"ಯಾರೂ ಇಲ್ಲ. ಏಣಿ ಹಿಡಿದೋರಿಗೆ ಏನೂ ಗೊತ್ತಿಲ್ಲ, ಅವರನ್ನ ಬಿಟ್ಟುಬಿಡಿ."

"ಯಾಕೆ ಮಾಡಿದೆ?"

ಗಾಜಿನವನು ದೊಡ್ಡಪ್ಪನ ಕಡೆ ನೋಡಿದ. ಗುರುತು ಹಿಡಿದು ತಲೆಯಾಡಿಸಿದ. ಆಮೇಲೆ ಹೇಳಿದ.

"ನನ್ನ ಹೆಂಡತಿಗೆ ಬೆಳಗಿನ ಪಾಳಿ. ಮಗಳನ್ನ ಶಾಲೆಗೆ ಬಿಡೋದು ನಾನು. ಹನ್ನೆರಡು ವರ್ಷ ಅವಳಿಗೆ. ದಾರಿಯುದ್ದ ಕೈ ಹಿಡ್ಕೊಂಡು ವಟವಟ ಅಂತಿದ್ಲು. ನಾಲ್ಕು ತಿಂಗಳ ಹಿಂದೆ ಒಂದು ದಿನ ಗಾಡಿ ಬಂತು. ಅವಳ ಮುಂದೆ ನನ್ನ ಜೇಬು ತಡಕಿದ್ರು. ಮಾರನೇ ದಿನವೂ ಬಂತು. ಶಾಲೆ ಗೇಟಲ್ಲಿ, ಅವಳ ಗೆಳತಿಯರೆಲ್ಲ ನಿಂತಿದ್ದಾಗ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ರು."

"ದೂರು ಕೊಡಬೇಕಿತ್ತು."

"ನಿಮ್ಮ ಠಾಣೆಗೇ ಬಂದಿದ್ದೆ. ಬಾಗಿಲಲ್ಲೇ ಯಂತ್ರ ಕೂಗ್ತು. ಕೂರಿಸಿ ಸಂಜೆವರೆಗೂ ವಿಚಾರಿಸಿದ್ರು. ಆಮೇಲೆ ಬರೋಕೆ ಧೈರ್ಯ ಆಗಲಿಲ್ಲ."

ಆ ದಿನ ಇನ್‌ಸ್ಪೆಕ್ಟರ್ ಬಂದೋಬಸ್ತಿಗೆ ಹೋಗಿದ್ದ, ದೊಡ್ಡಪ್ಪ ರಜೆಯಲ್ಲಿದ್ದರು. ಅವರು ಇದ್ದಿದ್ದರೆ ನೋಡಿದ ಕೂಡಲೇ ಗುರುತು ಹಿಡಿಯುತ್ತಿದ್ದರು.

"ಅಪ್ಪಾ ಸ್ವಲ್ಪ ಹಿಂದೆ ಬಾ ಅಂದ್ಲು ಮೊದಲು. ಬಂದೆ. ಆಮೇಲೆ, ಆ ಕಡೆ ಫುಟ್‌ಪಾತಲ್ಲಿ ಬಾ ಅಂದ್ಲು. ಅದಕ್ಕೂ ಸೈ ಅಂದೆ. ಮಗು, ಅದರದ್ದೇನು ತಪ್ಪು? ಒಂದು ದಿನ ಗೇಟ್ ಹತ್ರ ಯಾರೋ ಕೇಳಿದ್ರು, ಅವರು ನಿಮ್ಮ ಅಪ್ಪ ಅಲ್ವಾ ಅಂತ. ಅಲ್ಲ, ನಮ್ಮ ಓಣಿಯೋರು ಅಂದ್ಲು. ನಾನು ಆ ಕಡೆ ನಿಂತು ಕೇಳಿಸ್ಕೊಂಡೆ." ಅವನು ಮುಂಗೈಯಿಂದ ಮೂಗು ಒರೆಸಿಕೊಂಡ. "ಹೋದ ವಾರ ಪೂರ್ತಿ ಗಾಡಿ ಬರಲಿಲ್ಲ. ಪಕ್ಕದಲ್ಲೇ ನಡೆದ್ಲು ಸಾರ್. ಒಂದು ವಾರ."

ಕುಂಚ, ಲೇಪದ ಡಬ್ಬಿ, ಕಿತ್ತಳೆ ಅಂಗಿ ಜಪ್ತಾದವು. ಅಕ್ಕಪಕ್ಕದ ಅಂಗಡಿಯವರು ಪಂಚರಾಗಿ ಸಹಿ ಹಾಕಲು ಒಪ್ಪಲಿಲ್ಲ. ಕೊನೆಗೆ ಗಾಜಿನವನೇ, "ಹಾಕ್ರಪ್ಪಾ, ಅವರಿಗೂ ಕೆಲಸ ಮುಗೀಬೇಕಲ್ಲ," ಎಂದು ಅವರನ್ನು ಒಪ್ಪಿಸಿದ. ಹನ್ನೊಂದು ಗಂಟೆಗೆ ಬಂಧನವಾಯಿತು.

ಬಂಧಿಸಿದವರ ಮುಖವನ್ನು ಎದುರಿನಿಂದ, ಎಡದಿಂದ, ಬಲದಿಂದ ತೆಗೆದು ಯಂತ್ರಕ್ಕೆ ಸೇರಿಸಬೇಕೆಂಬುದು ಹೊಸ ನಿಯಮ. ಇನ್‌ಸ್ಪೆಕ್ಟರ್ ಆ ಕೆಲಸವನ್ನು ಮುಂದಕ್ಕೆ ತಳ್ಳುತ್ತ ಬಂದ. ಮೊದಲು ಹೇಳಿಕೆ ಎಂದ, ಆಮೇಲೆ ಊಟವಾಗಲಿ ಎಂದ. ಆದರೆ ಫೋಟೋ ಸೇರದೆ ಬಂಧನದ ಪತ್ರವನ್ನು ಕಂಪ್ಯೂಟರ್ ಕೊಡುತ್ತಿರಲಿಲ್ಲ, ಪತ್ರವಿಲ್ಲದೆ ನ್ಯಾಯಾಲಯಕ್ಕೆ ಒಯ್ಯುವಂತಿರಲಿಲ್ಲ, ಒಯ್ಯದೆ ಜಾಮೀನು ಸಿಗುವಂತಿರಲಿಲ್ಲ. ಕೊನೆಗೆ ಎಲ್ಲರೂ ಹಿತ್ತಲಿಗೆ ಹೋದರು.

"ಎಲ್ಲಿ ನಿಲ್ಬೇಕು ಅಂತ ಗೊತ್ತು," ಎಂದ ಗಾಜಿನವನು. ಹೋಗಿ ನಲ್ಲಿಯ ಪಕ್ಕ, ಕಪ್ಪು ಪಟ್ಟಿಯ ಮುಂದೆ ನಿಂತ. ಹತ್ತು ವರ್ಷದ ಹಿಂದೆ ನಿಂತ ಜಾಗವೇ. "ಐದು ನಿಮಿಷದ ಕೆಲಸ ಅಲ್ವಾ?"

ಅವನು ಚುಚ್ಚಿ ಹೇಳಿರಲಿಲ್ಲ, ನೆನಪಾಗಿ ಹೇಳಿದ್ದ. ದೊಡ್ಡಪ್ಪ ಮಾತ್ರ ಅಲ್ಲಿ ನಿಲ್ಲಲಾಗದೆ ಒಳಗೆ ಹೋದರು.

ಮಹಿಳಾ ಪೇದೆ ಮೂರು ಫೋಟೋ ತೆಗೆದು ಕಂಪ್ಯೂಟರ್‌ಗೆ ಹಾಕಿದಳು. ಸ್ವಲ್ಪ ಹೊತ್ತು ಚಕ್ರ ತಿರುಗಿ ಪರದೆ ಮೇಲೆ ಅಕ್ಷರ ಮೂಡಿತು: 'ಈ ಮುಖ ಈಗಾಗಲೇ ಇದೆ. ಗೂಬೆ.' ಅವಳು ಗಾಜಿನವನ ನಿಜವಾದ ಹೆಸರನ್ನು ಟೈಪ್ ಮಾಡಿದಳು. ಯಂತ್ರ ಒಪ್ಪಿಕೊಂಡಿತು. ಹಳೆಯ ಹೆಸರನ್ನು ಅಳಿಸದೆ, ಎರಡರ ನಡುವೆ ತಾನೇ ಒಂದು ಪದ ಸೇರಿಸಿತು: ಅಲಿಯಾಸ್.

"ಸಾರ್, ಇದನ್ನ ತೆಗೆಯೋಕೆ ಆಗ್ತಿಲ್ಲ," ಎಂದಳು. ಒತ್ತಿ ಒತ್ತಿ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಕೆಳಗೆ ಅಪರಾಧದ ಉದ್ದೇಶ ಕೇಳಿತ್ತು. ಆಯ್ಕೆಗೆ ಲಾಭ, ದ್ವೇಷ, ಕುಡಿತ, ಇತರೆ ಎಂಬ ನಾಲ್ಕು ಪದಗಳಿದ್ದವು. ಮಗಳ ಪಕ್ಕದಲ್ಲಿ ನಡೆಯಲು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಇನ್‌ಸ್ಪೆಕ್ಟರ್ 'ಇತರೆ' ಒತ್ತಿದ.

ಸಂಜೆ ಹುಡುಗಿ ಶಾಲೆಯ ಚೀಲದ ಸಮೇತ ತಾಯಿಯ ಜತೆ ಬಂದಳು. ದೊಡ್ಡಪ್ಪ ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಹತ್ತು ವರ್ಷದ ಹಿಂದಿನ ಪರೇಡಿನಿಂದ ಹಿಡಿದು ಎಲ್ಲವನ್ನೂ ಹೇಳಿದರು. ಯಂತ್ರ ತಪ್ಪು ಎಂಬ ಮಾತನ್ನು ಶುಕ್ರವಾರದ ತನಕ ಆಡಕೂಡದೆಂಬ ಆಜ್ಞೆ ಅವರಿಗೆ ನೆನಪಿತ್ತು. ಗಟ್ಟಿಯಾಗಿಯೇ ಹೇಳಿದರು.

"ಅಂದ್ರೆ ಅಪ್ಪ ನಿಮಗೆ ಸಹಾಯ ಮಾಡೋಕೆ ಬಂದಿದ್ರಾ?" ಎಂದು ಕೇಳಿದಳು ಹುಡುಗಿ.

"ಹೂಂ ಮಗಾ."

"ಕಳ್ಳತನ ಮಾಡಿರಲಿಲ್ವಾ?"

"ಇಲ್ಲಮ್ಮಾ. ಯಾವತ್ತೂ ಇಲ್ಲ."

ಹುಡುಗಿ ಲಾಕಪ್ಪಿನ ಸರಳುಗಳ ಹತ್ತಿರ ಹೋಗಿ, ಚೀಲ ಕೆಳಗಿಟ್ಟು, ಅಪ್ಪನ ಒರಟು ಬೆರಳು ಹಿಡಿದುಕೊಂಡು ನಿಂತಳು. ಹೊರಡುವ ಹೊತ್ತಾದರೂ ಬಿಡಲಿಲ್ಲ.

ಗುರುವಾರ ಜಾಮೀನು ಸಿಕ್ಕಿತು. ಐದೂ ಕಂಬಗಳಿಗೆ ಹೊಸ ಕ್ಯಾಮೆರಾ ಬಂದವು, ಶುಕ್ರವಾರ ಉದ್ಘಾಟನೆ ಸಾಂಗವಾಗಿ ನಡೆಯಿತು. ಆರೋಪಿಯನ್ನು ಮುಖದಿಂದಲೇ ಪತ್ತೆ ಹಚ್ಚಲಾಯಿತು ಎಂದು ಡಿಸಿಪಿ ವೇದಿಕೆಯಲ್ಲಿ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ.

ಮರು ಸೋಮವಾರ ಬೆಳಿಗ್ಗೆ ಜೀಪಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್‌ನ ಫೋನ್ ಕಿರ್ರೆಂದಿತು. ಎರಡನೇ ಹಂತದಲ್ಲಿ ಅಲರ್ಟ್ ನೇರ ಠಾಣಾಧಿಕಾರಿಗೇ ಬರುತ್ತದೆ. ಮೊದಲ ಕಂಬದ ಚಿತ್ರ. ಗಾಜಿನವನ ಮುಖದ ಸುತ್ತ ಕೆಂಪು ಚೌಕ, ಕೆಳಗೆ ಎರಡೂ ಹೆಸರು. ಪಕ್ಕದಲ್ಲಿ, ಅದೇ ಫುಟ್‌ಪಾತಿನಲ್ಲಿ, ಅವನ ಕೈ ಹಿಡಿದು ಮಗಳು. ತಲೆಯೆತ್ತಿ ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಎಲ್ಲರೂ ನೋಡಲಿ ಎಂಬ ಹಟ ಆ ಮುಖದಲ್ಲಿತ್ತು.

ಇನ್‌ಸ್ಪೆಕ್ಟರ್ ಗಸ್ತು ಗಾಡಿ ಬೇಡ ಎಂದು ಒತ್ತಲು ಬೆರಳು ಚಾಚಿದ. ಅಷ್ಟರಲ್ಲಿ ಹುಡುಗಿಯ ಮುಖದ ಸುತ್ತಲೂ ಒಂದು ಚೌಕ ಮೂಡಿತು. ಅದು ಹಳದಿ.

'ಅಪರಿಚಿತ ವ್ಯಕ್ತಿ. ಆರೋಪಿಯ ಜತೆ ಪದೇ ಪದೇ ಕಂಡಿದೆ. ಸಹಚರರ ಪಟ್ಟಿಗೆ ಸೇರಿಸಬೇಕೆ?'

ಕೆಳಗೆ ಎರಡು ಗುಂಡಿಗಳು: 'ಹೌದು', 'ನಂತರ'. ಬೇಡ ಎನ್ನುವುದು ಇರಲಿಲ್ಲ. ಇನ್‌ಸ್ಪೆಕ್ಟರ್ ಮೇಲೆ ಕೆಳಗೆ ಸರಿಸಿ ಹುಡುಕಿದ, ಎಲ್ಲೂ ಇರಲಿಲ್ಲ. 'ನಂತರ' ಒತ್ತಿದ. ಚಿತ್ರ ಮಾಯವಾಯಿತು.

ಅವನು ಫೋನನ್ನು ಅಂಗೈಯಲ್ಲೇ ಹಿಡಿದು ಕೂತ. ಅಪ್ಪ ಮಗಳು ಶಾಲೆ ಮುಟ್ಟಲು ಇನ್ನೂ ನಾಲ್ಕು ಕಂಬ ದಾಟಬೇಕಿತ್ತು.